ಮೂರನೇ ಸೀಟಿನಮ್ಮ

ಬಸ್ಸು ಆ ಊರಿನ ನಿಲ್ದಾಣದೊಳಗೆ ತಿರುಗಿಕೊಂಡು ನಿಂತಾಗ ಬೆಳಗಿನ ಹತ್ತು ಗಂಟೆ. ಇಳಿದವರು ಒಂಬತ್ತು ಜನ. ಎಣಿಸಬೇಕೆಂದು ರೈಟ್ ಮಾವ ಎಣಿಸಿದ್ದಲ್ಲ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನ ಕಣ್ಣು ಜನ ಕಂಡ ಕೂಡಲೇ ತಾನೇ ಎಣಿಸಿಬಿಡುತ್ತದೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೂ ಮೊದಲು ವಾರ್ಡಿನಲ್ಲಿ ತಲೆಗಳೆಷ್ಟು ಎಂದು ನೋಡಿ, ಆಮೇಲೆ ರೋಗಿಯ ಮುಖ ನೋಡುವ ಪೈಕಿ ಅವನು.

ರೈಟ್ ಮಾವ ಎಂಬುದು ತಂಗಿಯ ಮಕ್ಕಳು ಇಟ್ಟ ಹೆಸರು. ಊಟಕ್ಕೆ ಕರೆದರೆ ‘ರೈಟ್’, ಊಟ ಮುಗಿದರೆ ‘ರೈಟ್’, ದೀಪ ಆರಿಸುವಾಗಲೂ ‘ರೈಟ್’. ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ದಾರಿ ಹಿಡಿದರು, ಹೆಸರು ಮಾತ್ರ ಬೀದಿಗೆಲ್ಲ ಅಂಟಿಕೊಂಡಿತು. ಮದುವೆಯಾಗದ ಅವನು ತಂಗಿಯ ಮನೆಯ ಮಹಡಿಯ ಕೋಣೆಯಲ್ಲಿದ್ದ. ರಿಟೈರಾಗಿ ಎರಡು ವರ್ಷವಾಗಿತ್ತು. ಜಲಪಾತ ನೋಡಿಕೊಂಡು ಬರುತ್ತೇನೆ ಎಂದು ಚೀಲ ಹೆಗಲಿಗೇರಿಸಿದಾಗ ತಂಗಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು.

“ನಿಂಗೆ ಜಲಪಾತ ನೋಡೋ ಚಪಲ ಯಾವಾಗಿಂದ ಅಣ್ಣ? ಮಳೆ ಬಂದ್ರೆ ಕಿಟಕಿ ಹಾಕ್ಕೊಂಡು ಮಲಗೋನು ನೀನು.”

“ಎಲ್ಲರೂ ನೋಡ್ತಾರೆ, ನಾನೂ ನೋಡ್ತೀನಿ.”

“ಒಬ್ಬನೇನಾ?”

“ಮತ್ತಿನ್ನು ಯಾರು ಬರ್ತಾರೆ?” ಎಂದು ಅವನು ಚಪ್ಪಲಿ ಮೆಟ್ಟಿದ್ದ.

ನಿಜ ಹೇಳಬೇಕೆಂದರೆ ಅವನು ಬಂದದ್ದು ಜಲಪಾತಕ್ಕಲ್ಲ, ಊರಿನ ಕೋಟೆಗೂ ಅಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಈ ಊರಿನ ಮೇಲಿನ ಬೆಟ್ಟದಲ್ಲಿ ಅವನು ಒಬ್ಬ ಹೆಂಗಸನ್ನು ಬಿಟ್ಟು ಹೋಗಿದ್ದ. ಆಕೆ ಜೀವಸಹಿತ ಬೆಟ್ಟ ಇಳಿದರೋ ಇಲ್ಲವೋ, ಅಷ್ಟು ಅವನಿಗೆ ತಿಳಿಯಬೇಕಾಗಿತ್ತು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ನಾಲ್ಕು ದಿನ ಮಲಗಿದ್ದಾಗ, ತಾನು ಸತ್ತರೆ ಆಕೆಯ ವಿಷಯ ಗೊತ್ತಿರುವವರು ಲೋಕದಲ್ಲಿ ಒಬ್ಬರೂ ಉಳಿಯುವುದಿಲ್ಲ ಎಂದು ಹೊಳೆಯಿತು. ಆವತ್ತಿನಿಂದ ಅನ್ನ ಸೇರಲಿಲ್ಲ.

ಆಗ ಭಾನುವಾರಗಳಲ್ಲಿ ಈ ನಿಲ್ದಾಣದಿಂದ ಜಲಪಾತಕ್ಕೆ ಒಂದು ವಿಶೇಷ ಬಸ್ಸು ಹೋಗುತ್ತಿತ್ತು. ಮೂರು ಗಂಟೆಗೆ ಇಲ್ಲಿಂದ ಹತ್ತಿದರೆ ಐದಕ್ಕೆ ಅಲ್ಲಿಂದ ಇಳಿಯುವುದು. ಹನ್ನೊಂದು ಕಿಲೋಮೀಟರ್ ಬರೀ ತಿರುವು. ಪ್ರವಾಸಿಗರು ಮೆಟ್ಟಿಲಿಳಿದು ನೀರು ನೋಡಿ ಬರುವಷ್ಟರಲ್ಲಿ ಡ್ರೈವರ್ ಸ್ಟೀರಿಂಗ್ ಮೇಲೆ ತಲೆಯಿಟ್ಟು ಒಂದು ನಿದ್ದೆ ತೆಗೆಯುತ್ತಿದ್ದ, ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಟ್ರಿಪ್ ಶೀಟು ಬರೆಯುತ್ತಿದ್ದ. ಮೂರು ವರ್ಷ ಆ ಡ್ಯೂಟಿ ಮಾಡಿದರೂ ಅವನು ಜಲಪಾತವನ್ನು ಒಮ್ಮೆಯೂ ನೋಡಿರಲಿಲ್ಲ. ದೂರದಿಂದ ಸದ್ದು ಕೇಳಿದ್ದ, ಅಷ್ಟೇ. ‘ಏನು ಮಹಾ, ನೀರು ಮೇಲಿಂದ ಕೆಳಗೆ ಬೀಳುತ್ತೆ’ ಎನ್ನುತ್ತಿದ್ದ.

ಆ ಭಾನುವಾರ ಬಸ್ಸಿನಲ್ಲಿ ಮೂವತ್ತೆಂಟು ಜನ. ಎಲ್ಲರೂ ಗುಂಪು ಕಟ್ಟಿಕೊಂಡು ಬಂದವರು. ಮೂರನೇ ಸೀಟಿನ ಕಿಟಕಿ ಪಕ್ಕ ಕೂತವರೊಬ್ಬರೇ ಒಂಟಿ. ನಲವತ್ತರ ಆಸುಪಾಸಿನ ಹೆಂಗಸು, ಬೂದು ಬಣ್ಣದ ಶಾಲು, ಮಡಿಲಲ್ಲಿ ಬಟ್ಟೆಯ ಚೀಲ. ಮೇಲೆ ತಲುಪಿ ಇಳಿಯುವಾಗ ಬಾಗಿಲ ಬಳಿ ನಿಂತು ಕೇಳಿದ್ದರು.

“ನಾನು ನಿಧಾನ ನಡೆಯೋಳು. ಬಿಟ್ಟು ಹೋಗಿಬಿಡಲ್ಲ ತಾನೆ?”

“ನೀವು ಬರೋವರೆಗೂ ಬಸ್ಸು ಬಿಡಲ್ಲ ಅಮ್ಮ, ಆರಾಮಾಗಿ ಹೋಗ್ಬನ್ನಿ.”

ಇಂಥ ಮಾತು ಕಂಡಕ್ಟರನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಆಡಿದವನು ಮರುಗಳಿಗೆ ಮರೆಯುತ್ತಾನೆ. ಕೇಳಿದವರು ಪಾಪ ನಂಬಿಕೊಂಡು ಮೆಟ್ಟಿಲಿಳಿಯುತ್ತಾರೆ.

ಐದಕ್ಕೆ ಮುಂಚೆಯೇ ಮಂಜು ಕವಿಯಿತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಜನ ಮೈ ಮುದುರಿಕೊಂಡು ಓಡಿ ಬಂದು ಹತ್ತಿದರು. ರೈಟ್ ಮಾವ ಮುಂದಿನಿಂದ ಹಿಂದಕ್ಕೆ ಬೆರಳು ಮಾಡಿ ಎಣಿಸಿದ, ಮೂವತ್ತೆಂಟು. ಸರಿಯಾಗಿತ್ತು. ‘ರೈಟ್’ ಎಂದ, ಬಸ್ಸು ಹೊರಟಿತು. ಆದರೆ ಹಿಂಬಾಗಿಲಿನಿಂದ ಸೌದೆ ಕಡಿಯುವವನೊಬ್ಬ ಪುಕ್ಕಟೆ ಸವಾರಿಗೆ ಹತ್ತಿ, ತಲೆಗೆ ಟವೆಲು ಮುಸುಕು ಹಾಕಿ ಮೂಲೆಯಲ್ಲಿ ಕೂತಿದ್ದ. ಕಂಡಕ್ಟರ್ ಅಲ್ಲದ ಬೇರೆ ಯಾರೇ ಆಗಿದ್ದರೂ ‘ಆ ಶಾಲಿನಮ್ಮ ಬಂದ್ರೇನ್ರಪ್ಪಾ’ ಎಂದು ಕೂಗಿ ಕೇಳಿರುತ್ತಿದ್ದರು. ಇವನು ಕಂಡಕ್ಟರ್. ಎಣಿಕೆ ಸರಿಬಂದ ಮೇಲೆ ಮುಖ ನೋಡುವ ಅಭ್ಯಾಸ ಆ ಕಸುಬಿನಲ್ಲಿ ಇಲ್ಲ.

ಊರಂಚಿನ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಸೌದೆಯವನು ಹಾರಿಕೊಂಡು ಓಡಿದ. ಹಾಗಾದರೆ ಎಣಿಕೆಯಲ್ಲಿ ಒಬ್ಬರು ಕಮ್ಮಿ ಎಂದು ರೈಟ್ ಮಾವ ಸೀಟುಗಳತ್ತ ತಿರುಗಿದ. ಮೂರನೇ ಸೀಟಿನಲ್ಲಿ ಚೀಲವಿತ್ತು, ಜನ ಇರಲಿಲ್ಲ.

“ವಾಪಸ್ ಹೋಗೋಣ,” ಎಂದ ಡ್ರೈವರನಿಗೆ.

“ನಿಂಗೇನು ತಲೆ ಕೆಟ್ಟಿದ್ಯಾ? ಮೂಗಿನ ಮುಂದಿನ ರಸ್ತೆ ಕಾಣ್ತಿಲ್ಲ. ನಾವೂ ಕಣಿವೆ ಸೇರಬೇಕಾಗುತ್ತೆ ಅಷ್ಟೆ. ಯಾವುದಾದ್ರೂ ಗಾಡಿ ಸಿಗುತ್ತೆ ಆಕೆಗೆ, ಬಿಡಪ್ಪ.”

ಅವನು ಬಿಟ್ಟ. ಇದಕ್ಕೆ ಬಣ್ಣ ಹಚ್ಚುವುದು ಬೇಡ. ಪೊಲೀಸರಿಗೆ ಹೇಳಬಹುದಿತ್ತು, ನಿಲ್ದಾಣದ ಸಾಹೇಬರಿಗೆ ಹೇಳಬಹುದಿತ್ತು. ಹೇಳಿದರೆ ಸಸ್ಪೆಂಡ್ ಆಗುವುದು ಖಂಡಿತ ಎಂದು ಬಾಯಿಗೆ ಬೀಗ ಹಾಕಿಕೊಂಡ. ‘ಸೀಟಿನ ಕೆಳಗೆ ಸಿಕ್ಕಿದ್ದು, ಯಾರದೆಂದು ತಿಳಿಯದು’ ಎಂದು ಬರೆದು ಚೀಲವನ್ನು ಡಿಪೊಗೆ ಒಪ್ಪಿಸಿದ. ಅದರಲ್ಲಿ ಒಂದು ಬಾಚಣಿಗೆ, ಒಂದು ಕೈವಸ್ತ್ರ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಇದ್ದವು. ಮಾರನೆಯ ದಿನವೇ ತನ್ನ ಅಮ್ಮನಿಗೆ ಹುಷಾರಿಲ್ಲವೆಂದು ಬೇರೆ ರೂಟಿಗೆ ವರ್ಗ ಕೇಳಿದ. ಅಮ್ಮ ಆಗ ಗುಂಡುಕಲ್ಲಿನ ಹಾಗಿದ್ದಳು. ಚೀಲ ಕೇಳಿಕೊಂಡು ಯಾರೂ ಬರಲಿಲ್ಲವೆಂದು ಡಿಪೊದ ಗುಮಾಸ್ತ ಮೂರು ತಿಂಗಳ ಮೇಲೆ ಹೇಳಿದಾಗ ರೈಟ್ ಮಾವ ಎರಡು ದಿನ ರಜೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿದ. ಡ್ರೈವರ್ ಸತ್ತು ಈಗ ಹನ್ನೆರಡು ವರ್ಷ.

ಅವನ ತಲೆಯೊಳಗೆ ಆಕೆ ಮೊದಮೊದಲು ಬೈಯುತ್ತಿದ್ದರು. ಊಟಕ್ಕೆ ಕೂತರೆ ‘ನಿಂಗೆ ಅನ್ನ ಇಳಿಯುತ್ತಾ’ ಎನ್ನುತ್ತಿದ್ದರು. ಅವನು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಳ್ಳುತ್ತಿದ್ದ. ವರ್ಷ ಕಳೆದಂತೆ ಬೈಗುಳ ಕಮ್ಮಿಯಾಯಿತು, ಆಕೆ ಹೋಗಲಿಲ್ಲ. ಅವನು ಮೂರನೇ ಸೀಟಿನಮ್ಮ ಎಂದು ಕರೆಯತೊಡಗಿದ. ಡ್ಯೂಟಿ ಮುಗಿಸಿ ಕೋಣೆಗೆ ಬಂದು ಷರಟು ಬಿಚ್ಚುತ್ತಾ ‘ನೋಡಿ ಅಮ್ಮ, ಇವತ್ತೊಬ್ಬ ಏನು ಮಾಡಿದ ಗೊತ್ತಾ’ ಎಂದು ಶುರು ಮಾಡಿದರೆ ಮಾತು ಊಟದವರೆಗೂ ನಡೆಯುತ್ತಿತ್ತು. ಅವನಿಗೆ ಕನ್ನಡಕ ಬಂದ ವರ್ಷ ಆಕೆಗೂ ಬಂತು. ಅವನಿಗೆ ಹುಚ್ಚೇನೂ ಇರಲಿಲ್ಲ. ಕೋಣೆಯಲ್ಲಿ ತಾನೊಬ್ಬನೇ ಎಂದು ಚೆನ್ನಾಗಿ ಗೊತ್ತಿತ್ತು. ತಂಗಿ ಒಳ್ಳೆಯವಳೇ, ಆದರೆ ಅವಳಿಗೆ ಅವಳ ಸಂಸಾರ. ಅವನ ಮಾತಿಗೆ ಪೂರ್ತಿ ಕಿವಿಗೊಟ್ಟವರು ಲೋಕದಲ್ಲಿ ಇವರೊಬ್ಬರೇ.

ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಅವನಿಗೆ ಮೇಲಿನ ಕೋಣೆ ಸಿಕ್ಕಿತು. ಒಂದು ಪಕ್ಕ ಕುಸಿದ ಮಂಚ, ಯಾರೋ ಬಿಟ್ಟುಹೋದ ಸೋಪಿನ ಚೂರು, ಟಯರ್ ರಿಪೇರಿ ಅಂಗಡಿಗೆ ತೆರೆಯುವ ಕಿಟಕಿ. ಕಿಟಕಿಯ ಹತ್ತಿರ ಒಂದೇ ಒಂದು ಕುರ್ಚಿ.

“ಕುರ್ಚಿ ನೀವು ತಗೊಳ್ಳಿ ಅಮ್ಮ, ನಾನು ಮಂಚದ ಮೇಲೆ ಕೂರ್ತೀನಿ,” ಎಂದ. ಆಮೇಲೆ, “ಇವತ್ತು ಗೊತ್ತಾಗಿಬಿಡುತ್ತೆ,” ಎಂದ.

ಈಗ ಜಲಪಾತಕ್ಕೆ ಬಸ್ಸಿಲ್ಲ, ಜೀಪುಗಳು ಹೋಗುತ್ತವೆ. ಎಂಟು ಜನ ಕೂರುವ ಜೀಪಿನಲ್ಲಿ ಹದಿಮೂರು ಜನ. ಎಲ್ಲರೂ ಜೋಡಿ, ಇಲ್ಲವೇ ಕುಟುಂಬ. ನಡುವೆ ಸಿಕ್ಕಿಕೊಂಡ ರೈಟ್ ಮಾವನ ತಲೆಯ ಮೇಲಿಂದಲೇ ಒಂದು ಕುಟುಂಬ ಚಿಪ್ಸ್ ಹಂಚಿಕೊಂಡಿತು. ಅವನಿಗೂ ಕೊಡಬೇಕೆಂದು ಅವರಿಗೆ ತೋಚಲಿಲ್ಲ, ತೋಚಿದ್ದರೂ ಅವನು ಬೇಡ ಎನ್ನುತ್ತಿದ್ದ.

ಇನ್ನೂರ ನಲವತ್ತು ಮೆಟ್ಟಿಲು ಇಳಿದು ಮೊದಲ ಸಲ ಅವನು ಜಲಪಾತವನ್ನು ನೋಡಿದ. ಏನು ಮಹಾ ಎಂದಿದ್ದವನು ಕತ್ತೆತ್ತಿ ನಿಂತುಬಿಟ್ಟ. ಕಪ್ಪು ಬಂಡೆಯ ನೆತ್ತಿಯಿಂದ ನೀರು ಮೂರು ಕವಲಾಗಿ ಇಳಿದು, ನಡುವೆ ಎಲ್ಲೋ ಒಂದಾಗಿ, ಕೆಳಗಿನ ಗುಂಡಿಯಲ್ಲಿ ಹೊಗೆಯಾಗಿ ಏಳುತ್ತಿತ್ತು. ಗಾಳಿ ಬೀಸಿದಾಗ ಆ ಹನಿಯೆಲ್ಲ ಮುಖಕ್ಕೆ ಬಂದು ಕೂರುತ್ತಿತ್ತು. ಎದುರಿಗೆ ಜನ ಕೂತು ಕೂತು ನುಣುಪಾದ ಒಂದು ಬಂಡೆ. ಅದರ ಮೇಲೆ ಕೂತ. ಪಕ್ಕದಲ್ಲಿ ಗಂಡ ಹೆಂಡತಿ ಬಾಯಿ ಬಡಿದುಕೊಂಡು ಜಗಳವಾಡುತ್ತಿದ್ದರು, ಒಂದು ಅಕ್ಷರ ಕೇಳಿಸಲಿಲ್ಲ. ನೀರಿನ ಸದ್ದು ಎಲ್ಲವನ್ನೂ ನುಂಗಿ ಹಾಕುತ್ತಿತ್ತು.

“ಹಾರ್ನ್ ಕೇಳಿಸ್ಲೇ ಇಲ್ಲ ಅಲ್ವಾ ಅಮ್ಮ ನಿಮ್ಗೆ,” ಎಂದ ಅವನು. “ನಾನು ಒಂದ್ಸಲನಾದ್ರೂ ಇಲ್ಲಿಗೆ ಇಳಿದು ಬಂದಿದ್ರೆ ಗೊತ್ತಾಗಿರೋದು.” ಕಣ್ಣು ಒರೆಸಿಕೊಂಡ. ಅಲ್ಲಿ ಎಲ್ಲರ ಮುಖವೂ ಒದ್ದೆಯಾಗಿದ್ದರಿಂದ ಯಾರೂ ಗಮನಿಸಲಿಲ್ಲ.

ಮೆಟ್ಟಿಲ ತಲೆಯಲ್ಲಿ ಚಹದಂಗಡಿ. ನಲವತ್ತು ದಾಟಿದ ಅಂಗಡಿಯಾಕೆ ಮಾತಿನ ಮಲ್ಲಿ. ಒಂದು ಮಾತು ಕೇಳಿದರೆ ಹತ್ತು ಹೇಳುತ್ತಾಳೆ.

“ಇಲ್ಲಿ ಯಾರಾದ್ರೂ ಬಸ್ಸು ತಪ್ಪಿಸ್ಕೊಂಡು ಉಳ್ಕೋತಿದ್ರಾ, ಹಿಂದೆ?” ಲೋಟ ಕೈಯಲ್ಲಿ ಹಿಡಿದು ಅವನು ಮೆಲ್ಲಗೆ ಕೇಳಿದ.

“ಉಳ್ಕೊಳ್ದೆ ಏನು? ಆ ಭಾನುವಾರದ ಬಸ್ಸು ಇತ್ತಲ್ಲ, ಅದರ ಕಂಡಕ್ಟರ್‌ಗಳಿಗೆ ಒಂದು ಚೂರೂ ಕರುಣೆ ಇರ್ಲಿಲ್ಲ ನೋಡಿ.”

ಅವನು ಚಹ ನುಂಗಿದ. ನಾಲಿಗೆ ಸುಟ್ಟಿತು.

“ನೀರಿಗೆ ಬಿದ್ದೋರು?”

“ನಾನು ಮದುವೆಯಾಗಿ ಬಂದ್ಮೇಲೆ ಮೂರು ಜನ. ಇಬ್ರು ಗಂಡಸ್ರು, ಒಂದು ಹೆಂಗಸು.”

“ಹೆಂಗಸು ಯಾವಾಗ?”

“ನನ್ನ ದೊಡ್ಡ ಮಗಳು ಹೊಟ್ಟೇಲಿದ್ಲು. ನನ್ನನ್ನ ನೋಡೋಕೂ ಬಿಡ್ಲಿಲ್ಲ ಅತ್ತೆ. ಮಗಳಿಗೆ ಈಗ ಹತ್ತೊಂಬತ್ತು.”

ಅವನು ಲೋಟ ಕೆಳಗಿಟ್ಟ. ಯಾರು, ಎಲ್ಲಿಯವರು ಎಂದು ಕೇಳಿದ. ಅಂಗಡಿಯಾಕೆಗೆ ಅದೆಲ್ಲ ನೆನಪಿರಲಿಲ್ಲ.

“ಕೋಟೆ ಮ್ಯೂಸಿಯಂ ಮೇಷ್ಟ್ರನ್ನ ಕೇಳಿ. ಈ ಊರಲ್ಲಿ ಬೆಕ್ಕು ಮರಿ ಹಾಕಿದ್ರೂ ಅವರು ತಾರೀಖು ಸಮೇತ ಬರ್ದಿಡ್ತಾರೆ. ಯಾಕೆ ಸ್ವಾಮಿ, ನಿಮ್ಮೋರಾ?”

“ಹೂಂ,” ಎಂದ ರೈಟ್ ಮಾವ.

ಜೀಪು ಇಳಿಯುವಾಗ ಅವನು ಮೂರನೇ ಸೀಟಿನಮ್ಮನ ಜೊತೆ ಮಾತಾಡಲಿಲ್ಲ. ಮಾತಾಡಲು ಮುಖವಿರಲಿಲ್ಲ.

ಕೋಟೆ ಊರಿನ ಹಿಂದೆ ಒಂದು ದಿಬ್ಬದ ಮೇಲಿತ್ತು. ಯಾರೋ ಒಬ್ಬ ರಾಜ ಕಟ್ಟಿಸಿದ, ಇನ್ನೊಬ್ಬ ಬಂದು ಒಡೆದ, ಉಳಿದಿದ್ದನ್ನು ಊರಿನವರು ಮನೆ ಕಟ್ಟಲು ಹೊತ್ತುಕೊಂಡು ಹೋದರು. ಈಗ ಎರಡು ಬುರುಜು, ಆಡು ಮೇಯುವ ಒಂದು ಅಂಗಳ, ಗೋಡೆಯ ಸಂದಿನಿಂದ ತಲೆ ಹಾಕಿದ ಒಂದು ಅತ್ತಿ ಮರ, ಮತ್ತು ಬಾಗಿಲು ಕಾಯುವವರ ಹಳೆಯ ಕೊಠಡಿಯಲ್ಲಿ ಮ್ಯೂಸಿಯಂ. ಬುರುಜಿನ ಮೇಲಿಂದ ಇಡೀ ಊರು ಕಾಣುತ್ತಿತ್ತು. ಹೆಂಚಿನ ಮನೆಗಳು, ನಡುವೆ ಕೆರೆ, ಬಸ್ ನಿಲ್ದಾಣ. ಬೇರೆ ದಿನವಾಗಿದ್ದರೆ ನಿಂತು ನೋಡುತ್ತಿದ್ದ. ಇವತ್ತು ತಲೆ ತಗ್ಗಿಸಿ ನೇರ ಒಳಗೆ ಹೋದ.

ಮೇಷ್ಟ್ರು ಎಂಬತ್ತರ ಹತ್ತಿರದವರು. ಸ್ಕೂಲಿನಿಂದ ನಿವೃತ್ತರಾದ ಮೇಲೆ ಯಾರೂ ಕೇಳದಿದ್ದರೂ ಈ ಮ್ಯೂಸಿಯಂ ಹಚ್ಚಿಕೊಂಡವರು. ಸ್ವೆಟರಿನ ಮೊಣಕೈ ತೂತಾಗಿತ್ತು. ಏಳು ಫಿರಂಗಿ ಗುಂಡು, ಕೈ ಮುರಿದ ಒಂದು ಕಲ್ಲಿನ ಸೈನಿಕ, ಒಡೆದ ಮಡಕೆಗಳು, ಎಲ್ಲಕ್ಕೂ ದುಂಡು ಅಕ್ಷರದ ಚೀಟಿ. ರೈಟ್ ಮಾವ ಸೈನಿಕನನ್ನು ನೋಡಿದಂತೆ ಮಾಡಿ, ಕೊನೆಗೆ ಜಲಪಾತದಲ್ಲಿ ಸತ್ತ ಹೆಂಗಸಿನ ವಿಷಯ ಕೇಳಿದ.

“ಅವಳು ಈ ಊರಿನೋಳೇ. ದರ್ಜಿಯ ಅಕ್ಕ. ಸೌದೆ ಆರಿಸೋಕೆ ಹೋಗಿ ಜಾರಿದ್ಲು. ಬಿರುಬೇಸಿಗೆ ಅದು, ನೀರೇ ಇರ್ಲಿಲ್ಲ, ಬಂಡೆ ಮೇಲೆ ಬಿದ್ದಿದ್ದು.”

“ಬೇಸಿಗೇನಾ? ಚಳಿಗಾಲ ಅಲ್ವಾ?”

“ನಾನೇ ಬರ್ದಿದೀನಲ್ಲಪ್ಪಾ. ನಿಮಗೆ ಬೇಕಾದ್ದು ಯಾವ ದಿನದ ಸಮಾಚಾರ?”

ಆ ತಾರೀಖು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ. ಆವತ್ತು ಒಬ್ಬರು ಜಲಪಾತದ ಹತ್ತಿರ ಬಸ್ಸಿನಿಂದ ತಪ್ಪಿಹೋದರು, ಅವರನ್ನು ಹುಡುಕುತ್ತಿದ್ದೇನೆ ಎಂದ. ತಾನು ಯಾರೆಂದು ಮಾತ್ರ ಹೇಳಲಿಲ್ಲ.

“ತಪ್ಪಿಸ್ಕೊಂಡೋರನ್ನೆಲ್ಲ ಕಾಡು ಕಾಯೋ ವಾಚರ್ ಜೀಪು ಇಳಿಸ್ಕೊಂಡು ಬರ್ತಿತ್ತು. ರಾತ್ರಿ ಊರಲ್ಲಿ ಉಳ್ಕೊಂಡ್ರೆ ಬೆಳಿಗ್ಗೆ ಹೊತ್ತು ಹೋಗದೆ ಇಲ್ಲಿಗೇ ಬರೋರು. ಇಲ್ಲಿಗೆ ಬಂದ ಮೇಲೆ ನನ್ನ ಪುಸ್ತಕದಲ್ಲಿ ಬರೀದೆ ಒಂದು ಇರುವೇನೂ ಹೊರಗೆ ಹೋಗಿಲ್ಲ, ತಿಳ್ಕೊಳ್ಳಿ.” ಮೇಷ್ಟ್ರು ಕಪಾಟಿನ ಕೆಳಗಿನ ಅರೆಯಿಂದ ಒಂದೊಂದೇ ಉದ್ದ ಪುಸ್ತಕ ಎಳೆದು, ಧೂಳು ಊದಿ, ಬೆನ್ನಿನ ಮೇಲಿನ ವರ್ಷ ನೋಡಿ ಪಕ್ಕಕ್ಕಿಟ್ಟರು. ಏಳನೆಯದನ್ನು ಮೇಜಿನ ಮೇಲಿಟ್ಟು ಹಾಳೆ ತಿರುವಿದರು. “ಸೋಮವಾರ. ಆವತ್ತು ಬಂದೋರು ಒಬ್ಬರೇ. ಓದಿ.”

ಸಹಿಯ ಜಾಗದಲ್ಲಿ ಒಂದು ಗೀಚು, ಯಾವ ಅಕ್ಷರವೆಂದು ತಿಳಿಯುವಂತಿರಲಿಲ್ಲ. ಅದರ ಮುಂದೆ ನೀಲಿ ಶಾಯಿಯಲ್ಲಿ ಅವಸರವಿಲ್ಲದ ಕೈಬರಹ.

‘ನಿನ್ನೆ ಜಲಪಾತ ನೋಡುತ್ತಾ ಕೂತು ಬಸ್ಸು ತಪ್ಪಿಸಿಕೊಂಡೆ. ತಪ್ಪು ನನ್ನದೇ, ಹೊತ್ತು ನೋಡಲಿಲ್ಲ. ಚೀಲ ಬಸ್ಸಿನಲ್ಲೇ ಹೋಯಿತು, ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಆ ನೆಪದಲ್ಲಿ ಕೋಟೆ ನೋಡಿದಂತಾಯಿತು. ಬುರುಜಿನ ಮೇಲೆ ಗಾಳಿ ಚೆನ್ನಾಗಿದೆ. ಕುಡಿಯುವ ನೀರಿನ ನಲ್ಲಿ ಸರಿ ಮಾಡಿಸಬೇಕು.’

ರೈಟ್ ಮಾವ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಆಕೆ ಬದುಕಿದ್ದರು. ಬೆಳಿಗ್ಗೆ ಎದ್ದು, ತಲೆ ಬಾಚಿಕೊಳ್ಳಲು ಬಾಚಣಿಗೆಯಿಲ್ಲದೆ ಕೈಯಲ್ಲೇ ಕೂದಲು ಸರಿ ಮಾಡಿಕೊಂಡು, ದಿಬ್ಬ ಹತ್ತಿ ಇಲ್ಲೇ ಈ ಮೇಜಿನ ಮುಂದೆ ನಿಂತಿದ್ದರು. ಅದೇ ಹೊತ್ತಿಗೆ ಅವನು ಡಿಪೊದಲ್ಲಿ ವರ್ಗದ ಅರ್ಜಿ ಬರೆಯುತ್ತಿದ್ದ. ಹತ್ತೊಂಬತ್ತು ವರ್ಷದ ಭಾರ ಒಮ್ಮೆಗೇ ಇಳಿಯಿತು.

ಮೂರನೆಯ ಸಲ ಓದಿದಾಗ ಅವನು ಬೇರೆ ಏನನ್ನೋ ಹುಡುಕುತ್ತಿದ್ದ. ಕಂಡಕ್ಟರನ ಬಗ್ಗೆ ಒಂದು ಮಾತು. ‘ಬಿಡುವುದಿಲ್ಲ ಎಂದಿದ್ದ’ ಎಂದೋ, ‘ಆ ಪಾಪಿ’ ಎಂದೋ. ಏನೂ ಇರಲಿಲ್ಲ. ನಲ್ಲಿಗೆ ಒಂದು ಸಾಲು ಸಿಕ್ಕಿತ್ತು, ಅವನಿಗೆ ಅರ್ಧ ಸಾಲೂ ಇರಲಿಲ್ಲ.

“ಇವರೇನಾ ನೀವು ಹುಡುಕ್ತಿದ್ದೋರು?”

“ಇವರೇ.”

“ಒಳ್ಳೇದಾಯ್ತು. ಏನಾಗ್ಬೇಕು ನಿಮಗೆ?”

ರೈಟ್ ಮಾವ ಬಾಯಿ ತೆರೆದ. ಚಹದಂಗಡಿಯಲ್ಲಿ ಸಲೀಸಾಗಿ ಬಂದಿದ್ದ ‘ಹೂಂ’ ಇಲ್ಲಿ ಬರಲಿಲ್ಲ. “ಏನೂ ಆಗ್ಬೇಕಿಲ್ಲ,” ಎಂದ. ಆಮೇಲೆ ಏನಾದರೂ ಹೇಳಬೇಕಲ್ಲ ಎಂದು, “ಆ ನಲ್ಲಿ ಸರಿ ಮಾಡಿಸಿದ್ರಾ?” ಎಂದ.

“ಮುಂದಿನ ವಾರವೇ ಮಾಡಿಸಿದ್ದೆ. ಈಗ ಮತ್ತೆ ಕೆಟ್ಟಿದೆ.”

ಮೇಷ್ಟ್ರು ಪುಸ್ತಕ ಜೋಡಿಸಲು ಬಗ್ಗಿದರು. ಅವನು ಆ ಇಕ್ಕಟ್ಟಿನ ಕೊಠಡಿಯಲ್ಲಿ ಫಿರಂಗಿ ಗುಂಡುಗಳ ಹತ್ತಿರ ಬಂದು ನಿಂತ. ಹೊಟ್ಟೆಯೊಳಗಿಂದ ಸಂತೋಷ ಉಕ್ಕಿ ಬಂತು. ಇಷ್ಟು ದೊಡ್ಡ ಸುದ್ದಿ ಅವನ ಜೀವಮಾನದಲ್ಲೇ ಬಂದಿರಲಿಲ್ಲ. ಅಭ್ಯಾಸಬಲದಿಂದ ಎಡಕ್ಕೆ ತಿರುಗಿ “ನೋಡಿ ಅಮ್ಮ, ಕೊನೆಗೂ...” ಎಂದ.

ಅಷ್ಟಕ್ಕೇ ನಿಂತ. ಯಾರಿಗೆ ಹೇಳುವುದು? ಈ ಬರಹ ಬರೆದವರು ಎಲ್ಲೋ ತಮ್ಮ ಮನೆಯಲ್ಲಿ ತಮ್ಮ ಪಾಡಿಗೆ ಇರಬಹುದು. ಅವನು ಎದುರಿಗೆ ಹೋಗಿ ನಿಂತರೂ ಯಾರಪ್ಪಾ ನೀನು ಎಂದಾರು. ಆಕೆ ಅವನಿಗೆ ಬೈದವರಲ್ಲ, ಅವನ ಕಥೆ ಕೇಳಿದವರಲ್ಲ, ಅವನ ಜೊತೆ ಕನ್ನಡಕ ಹಾಕಿಕೊಂಡವರಲ್ಲ. ಬದುಕಿ ಬೆಟ್ಟ ಇಳಿದವರು ಅವನ ಮೂರನೇ ಸೀಟಿನಮ್ಮನನ್ನು ಜೊತೆಗೇ ಕರೆದುಕೊಂಡು ಹೊರಟುಹೋಗಿದ್ದರು. ಸತ್ತಿದ್ದರೆ ಅಳುತ್ತಿದ್ದ, ಅಳುವುದಕ್ಕೆ ಆಕೆಯಾದರೂ ಇರುತ್ತಿದ್ದರು. ಹಾಗೆ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಸಂತೋಷ ಇನ್ನೂ ಇತ್ತು.

ಐದು ಗಂಟೆಯಾಗಿತ್ತು. ಮೇಷ್ಟ್ರು ಅವನಿಂದಲೂ ಪುಸ್ತಕದಲ್ಲಿ ಬರೆಸಿಕೊಂಡರು. ಅವನು ‘ಚೆನ್ನಾಗಿದೆ’ ಎಂದು ಬರೆದು ಪೆನ್ನು ಹಿಂದಕ್ಕೆ ಕೊಟ್ಟ. ಇಬ್ಬರೂ ಹೊಸ್ತಿಲು ದಾಟಿದರು. ಮೇಷ್ಟ್ರು ಬಾಗಿಲೆಳೆದು, ಬೀಗ ಕೈಯಲ್ಲಿ ಹಿಡಿದು ತಡೆದರು.

“ನಿಮ್ಮ ಜೊತೆ ಬಂದೋರು ಯಾರಾದ್ರೂ ಒಳಗೆ ಉಳ್ಕೊಂಡಿದ್ದಾರಾ, ನೋಡಿಬಿಡಿ. ಹೋದ ತಿಂಗಳು ಒಬ್ಬರನ್ನ ಒಳಗೇ ಬಿಟ್ಟು ಬೀಗ ಹಾಕ್ಬಿಟ್ಟಿದ್ದೆ, ಆಮೇಲೆ ಒಂದೇ ರಂಪ.”

ರೈಟ್ ಮಾವ ಬಾಗಿಲನ್ನು ಮತ್ತೆ ತಳ್ಳಿ ಒಳಗೆ ಇಣುಕಿದ. ಬೆಳಕು ಕಮ್ಮಿಯಾಗಿತ್ತು. ಅವಸರ ಮಾಡದೆ ಒಂದೊಂದು ಮೂಲೆಯನ್ನೂ ನೋಡಿದ.

“ಇಲ್ಲ, ಯಾರೂ ಇಲ್ಲ,” ಎಂದ. “ನಾನೊಬ್ಬನೇ ಬಂದಿದ್ದು.”

ಮೇಷ್ಟ್ರು ಬೀಗ ಹಾಕಿದರು.